ಹಾಡು ಕಟ್ಟುವವರಿಗೆ ಒಳ್ಳೆಯ ಕೇಳುಗರು ಬೇಕು

ಮಾನ್ಯ ಸಂಪಾದಕರಿಗೆ,

ಹುಬ್ಬಳ್ಳಿ-ಧಾರವಾಡದ ಯುವ ಗಾಯಕರ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ತಮ್ಮ ಹಾಡನ್ನು ತಾವೇ ಬರೆದು, ತಾವೇ ಧಾಟಿ ಕೂಡಿಸಿ, ಗಿಟಾರ್ ಹಿಡಿದು ಹಾಡುವ ಹುಡುಗ ಹುಡುಗಿಯರು ನಮ್ಮ ಅವಳಿ ನಗರದಲ್ಲಿ ಇಷ್ಟು ಮಂದಿ ಇದ್ದಾರೆಂಬುದೇ ಸಂತೋಷದ ಸುದ್ದಿ. ಆದರೆ ಲೇಖನದಲ್ಲಿ ಮಾತನಾಡಿದವರ ಪೈಕಿ ಹೆಚ್ಚಿನವರು ಒಂದೇ ಕೊರತೆಯನ್ನು ಹೇಳಿಕೊಂಡಿದ್ದಾರೆ. ಇಲ್ಲಿ ದೊಡ್ಡ ಸ್ಟುಡಿಯೋ ಇಲ್ಲ, ಬೆಂಗಳೂರಿಗೆ ಹೋಗಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಧ್ವನಿಮುದ್ರಣ ಮಾಡಿಸುವ ಶಕ್ತಿ ತಮಗಿಲ್ಲ, ಆದ್ದರಿಂದ ತಮ್ಮ ಆಲ್ಬಮ್ ಹೊರಬರುತ್ತಿಲ್ಲ ಎಂಬುದು ಅವರ ಅಳಲು. ಬಾಡಿಗೆಯ ಮಾತು ನಿಜ. ಆದರೆ ಆಲ್ಬಮ್ ತಡೆದು ನಿಂತಿರುವುದು ಸ್ಟುಡಿಯೋ ಇಲ್ಲದ್ದರಿಂದ ಎಂಬ ಮಾತನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಪತ್ರ ದೀರ್ಘವಾದರೂ ತಾವು ಪೂರ್ತಿ ಪ್ರಕಟಿಸುವಿರೆಂದು ನಂಬಿದ್ದೇನೆ.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನಾನು ಬಹಳ ಕಾಲ ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದೆ. ಭಜನಾ ಮೇಳ, ಗೀಗೀ ಪದ, ಸಣ್ಣಾಟದ ತಂಡಗಳವರು ಬಂದರೆ ಒಳಗಿನ ಕೋಣೆಯಲ್ಲಿ ಧ್ವನಿಮುದ್ರಣವನ್ನೂ ಮಾಡಿಕೊಡುತ್ತಿದ್ದೆ. ಕ್ಯಾಸೆಟ್ಟಿನ ಟೇಪು ಏನನ್ನು ಹಿಡಿಯಬಲ್ಲದು, ಏನನ್ನು ಕೆಡಿಸುತ್ತದೆ ಎಂಬುದು ಆ ಕಸುಬಿನಿಂದ ನನಗೆ ಗೊತ್ತು. ಆ ಕಾರಣಕ್ಕೇ ಅಮೆರಿಕದ ಗಾಯಕ-ಗೀತರಚನೆಕಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ರಾಕ್ ಆಲ್ಬಮ್ 'ನೆಬ್ರಾಸ್ಕಾ' ನನ್ನನ್ನು ಬೇರೆ ಯಾವ ಆಲ್ಬಮ್ಮಿಗಿಂತಲೂ ಹೆಚ್ಚು ಹಿಡಿದು ನಿಲ್ಲಿಸಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ, ಬಾಡಿಗೆ ಮನೆಯ ಒಂದು ಕೋಣೆಯಲ್ಲಿ, ಒಬ್ಬರೇ ಕುಳಿತು ಹಾಡಿದ ಆಲ್ಬಮ್ ಅದು. ಅದನ್ನು ಹೊರತಂದದ್ದು ಕೊಲಂಬಿಯಾದಂಥ ದೊಡ್ಡ ಕಂಪನಿ.

ಅದಕ್ಕೆ ಮುಂಚಿನ ಕಥೆ ತಿಳಿಯದಿದ್ದರೆ ಈ ಆಲ್ಬಮ್ಮಿನ ಅರ್ಥ ತಪ್ಪಾಗಿ ಬರುತ್ತದೆ. 1982ರ ಹೊತ್ತಿಗೆ ಸ್ಪ್ರಿಂಗ್‌ಸ್ಟೀನ್ ಹೊಸಬರೇನೂ ಆಗಿರಲಿಲ್ಲ. 1973ರಿಂದ ಐದು ಆಲ್ಬಮ್‌ಗಳು ಬಂದಿದ್ದವು. ಐದನೆಯದಾದ 'ದಿ ರಿವರ್' 1980ರಲ್ಲಿ ಅಮೆರಿಕದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಸ್ಟುಡಿಯೋದಲ್ಲಿ ಅವರು ತೆಗೆದುಕೊಳ್ಳುತ್ತಿದ್ದ ಸಮಯ ಎಲ್ಲರಿಗೂ ಗೊತ್ತಿದ್ದ ವಿಷಯ. 1974ರಲ್ಲಿ 'ಬಾರ್ನ್ ಟು ರನ್' ಎಂಬ ಒಂದೇ ಹಾಡನ್ನು ಮುಗಿಸಲು ಸುಮಾರು ಆರು ತಿಂಗಳು ಹಿಡಿದಿತ್ತು, 'ದಿ ರಿವರ್' ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತ್ತು. ಹಾಡು ಇನ್ನೂ ಪೂರ್ಣವಾಗದೆಯೇ ಸ್ಟುಡಿಯೋಕ್ಕೆ ಹೋಗಿ, ಅಲ್ಲಿ ಇಡೀ ತಂಡವನ್ನು ಕೂರಿಸಿಕೊಂಡು ಹಾಡನ್ನು ಹುಡುಕುವುದು ಅವರ ಪದ್ಧತಿಯಾಗಿತ್ತು. ಅದರಲ್ಲಿ ಹಣವೂ ಕಾಲವೂ ಸೋರಿಹೋಗುತ್ತಿದ್ದುದನ್ನು ಕಂಡೇ ಅವರು, ಹಾಡು ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ಮೊದಲು ಮನೆಯಲ್ಲಿ ಪರೀಕ್ಷಿಸಿ ನಂತರ ತಂಡದ ಮುಂದೆ ಇಡೋಣವೆಂದು ನಿರ್ಧರಿಸಿದರು. ತಮ್ಮ ಗಿಟಾರ್‌ಗಳನ್ನು ನೋಡಿಕೊಳ್ಳುತ್ತಿದ್ದ ಮೈಕ್ ಬ್ಯಾಟ್ಲನ್ ಅವರಿಗೆ ಒಂದು ಸಣ್ಣ ಟೇಪ್ ಯಂತ್ರ ತರಲು ಹೇಳಿದರು. ಎಂದರೆ, ಮನೆಯ ಧ್ವನಿಮುದ್ರಣ ಅವರಿಗೆ ಸ್ಟುಡಿಯೋದ ಬದಲಿಗೆ ಬಂದದ್ದಲ್ಲ. ಸ್ಟುಡಿಯೋಕ್ಕೆ ಹೋಗುವ ಮುನ್ನ ಮಾಡಬೇಕಾದ ಸಿದ್ಧತೆಯಾಗಿ ಬಂದದ್ದು. ನಮ್ಮ ಹುಡುಗರು ಗಮನಿಸಬೇಕಾದ ಮೊದಲ ಸಂಗತಿ ಇದು.

ಬ್ಯಾಟ್ಲನ್ ತಂದ ಯಂತ್ರ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ 144. 1979ರಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರದ ವಿಶೇಷವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ವೃತ್ತಿಯ ಮೋಹವೆಂದು ಓದುಗರು ಕ್ಷಮಿಸಬೇಕು. ಸಾಮಾನ್ಯ ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಟೇಪಿನ ಮೇಲೆ ಧ್ವನಿ ಹಿಡಿಯುವ ನಾಲ್ಕು ಸಾಲುಗಳು, ಎಂದರೆ ಟ್ರ್ಯಾಕುಗಳು, ಇರುತ್ತವೆ. ಎರಡು ಒಂದು ಬದಿಗೆ, ಇನ್ನೆರಡು ತಿರುಗಿಸಿ ಹಾಕಿದಾಗ ಕೇಳುವ ಬದಿಗೆ. ಪೋರ್ಟಾಸ್ಟುಡಿಯೋ ಈ ನಾಲ್ಕೂ ಸಾಲುಗಳನ್ನು ಒಂದೇ ದಿಕ್ಕಿನಲ್ಲಿ ಬಳಸುತ್ತದೆ, ಟೇಪನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತದೆ. ವೇಗ ಹೆಚ್ಚಿದಷ್ಟೂ ಧ್ವನಿ ಸ್ವಚ್ಛವಾಗುತ್ತದೆ, ಆದರೆ ಟೇಪು ಬೇಗ ಮುಗಿಯುತ್ತದೆ: ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹದಿನೈದು ನಿಮಿಷವಷ್ಟೇ ಸಿಗುತ್ತದೆ. ಅದೇ ಕಾಲದ ದೊಡ್ಡ ಸ್ಟುಡಿಯೋಗಳಲ್ಲಿ ಎರಡು ಇಂಚು ಅಗಲದ ಟೇಪಿನ ಮೇಲೆ ಇಪ್ಪತ್ನಾಲ್ಕು ಸಾಲುಗಳನ್ನು ಮುದ್ರಿಸುತ್ತಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬ ಊರಿನ ಆ ಬಾಡಿಗೆ ಮನೆಯಲ್ಲಿ ಎಷ್ಟು ಕಡಿಮೆ ಸಾಮಗ್ರಿಯಿತ್ತೆಂಬುದು ಅರ್ಥವಾಗುತ್ತದೆ. ಮೈಕುಗಳೂ ಎರಡೇ, ಅವೂ ವೇದಿಕೆಗಳಲ್ಲಿ ದಿನನಿತ್ಯ ಕಾಣುವ ಶೂರ್ ಎಸ್‌ಎಂ57.

ಕೆಲಸದ ಕ್ರಮ ಸರಳವಾಗಿತ್ತು. ಗಿಟಾರನ್ನೂ ಹಾಡನ್ನೂ ಒಟ್ಟಿಗೆ ಎರಡು ಸಾಲುಗಳ ಮೇಲೆ ಮುದ್ರಿಸುವುದು. ಉಳಿದ ಎರಡರಲ್ಲಿ ಹಾಡಿಗೆ ಬೇಕೆನಿಸಿದ್ದನ್ನು ಸೇರಿಸುವುದು. ಎಲ್ಲೋ ಒಂದು ಹಾರ್ಮೋನಿಕಾ, ಎಲ್ಲೋ ಎರಡನೆಯ ಗಿಟಾರ್, ಎಲ್ಲೋ ಮ್ಯಾಂಡೊಲಿನ್, ಎಲ್ಲೋ ತಮ್ಮದೇ ಜೊತೆದನಿ. ಅಲ್ಲಿಗೆ ಜಾಗ ಮುಗಿಯಿತು. ಆಮೇಲೆ ನಾಲ್ಕನ್ನೂ ಕೂಡಿಸಿ, ಎಕೋಪ್ಲೆಕ್ಸ್ ಎಂಬ ಟೇಪ್ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ, ಒಂದು ಪ್ಯಾನಾಸಾನಿಕ್ ಟೇಪ್ ರೆಕಾರ್ಡರಿಗೆ ಇಳಿಸಿದರು. ಆ ರೆಕಾರ್ಡರ್ ಕೂಡ ಹಿಂದೊಮ್ಮೆ ನೀರಿಗೆ ಬಿದ್ದು ಎದ್ದದ್ದು. ಹಾಡುಗಳ ಬಹುಪಾಲು 1982ರ ಜನವರಿ ಆರಂಭದ ಹೊತ್ತಿಗೆ ಮುದ್ರಣವಾಗಿದ್ದವು. ನಾಲ್ಕೇ ಸಾಲುಗಳಿರುವಾಗ ಏನು ಬೇಕು, ಏನು ಬೇಡ ಎಂಬ ತೀರ್ಮಾನವನ್ನು ಹಾಡುವ ಮೊದಲೇ ಮಾಡಿಕೊಳ್ಳಬೇಕಾಗುತ್ತದೆ. ಇಂದು ಗಣಕಯಂತ್ರದಲ್ಲಿ ಲೆಕ್ಕವಿಲ್ಲದಷ್ಟು ಸಾಲುಗಳು ಸಿಗುವುದರಿಂದ ಆ ತೀರ್ಮಾನವನ್ನು ಯಾರೂ ಮಾಡುತ್ತಿಲ್ಲ. ನನಗೆ ಕೇಳಿಸಲೆಂದು ನಮ್ಮ ಓಣಿಯ ಹುಡುಗರು ತರುವ ಹಾಡುಗಳಲ್ಲಿ ಡೋಲು, ಕೊಳಲು, ಪಿಟೀಲು, ಇಲೆಕ್ಟ್ರಿಕ್ ಗಿಟಾರ್, ಕೋರಸ್ ಎಲ್ಲವೂ ಒಂದರ ಮೇಲೊಂದು ಕೂತಿರುತ್ತವೆ, ಹಾಡಿದವರ ಮಾತು ಮಾತ್ರ ಕೇಳಿಸುವುದಿಲ್ಲ.

ಮಾತಿನ ವಿಷಯಕ್ಕೆ ಬಂದೆ. ನೆಬ್ರಾಸ್ಕಾದಲ್ಲಿರುವ ಹತ್ತು ಹಾಡುಗಳನ್ನು ನಿಲ್ಲಿಸಿರುವುದು ಮಾತು. ಮೊದಲ ಹಾಡು 1957ರ ಕೊನೆಯಿಂದ 1958ರ ಜನವರಿಯವರೆಗೆ ನೆಬ್ರಾಸ್ಕಾ ಮತ್ತು ವ್ಯೋಮಿಂಗ್ ರಾಜ್ಯಗಳಲ್ಲಿ ಹನ್ನೊಂದು ಜನರನ್ನು ಕೊಂದ ಚಾರ್ಲ್ಸ್ ಸ್ಟಾರ್ಕ್‌ವೆದರ್ ಎಂಬ ತರುಣನದು. ಅವನ ಬಾಯಿಂದಲೇ, ಶಾಂತ ಧ್ವನಿಯಲ್ಲಿ, ಹಾಡು ನಡೆಯುತ್ತದೆ. ಇದನ್ನು ಬರೆಯುವ ಮುನ್ನ ಸ್ಪ್ರಿಂಗ್‌ಸ್ಟೀನ್ ಆ ಪ್ರಕರಣದ ಕುರಿತು ಓದಿ, ಅದರ ಬಗ್ಗೆ ಕೆಲಸ ಮಾಡಿದ್ದ ಒಮಾಹಾ ನಗರದ ಪತ್ರಕರ್ತೆಯೊಬ್ಬರಿಗೆ ದೂರವಾಣಿ ಕರೆ ಮಾಡಿ ಮಾತನಾಡಿದ್ದರು. ಒಂದು ಹಾಡಿಗಾಗಿ ಅಷ್ಟು ವಿಚಾರಣೆ! ಇನ್ನೊಂದು ಹಾಡಿನಲ್ಲಿ ಮಾಹ್ವಾ ಎಂಬಲ್ಲಿನ ಮೋಟಾರು ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವನೊಬ್ಬ ಕುಡಿದು ಗುಂಡು ಹಾರಿಸಿ ನ್ಯಾಯಾಧೀಶರ ಮುಂದೆ ನಿಲ್ಲುತ್ತಾನೆ. ಅಲ್ಲಿನ ಫೋರ್ಡ್ ಕಾರ್ಖಾನೆ 1980ರಲ್ಲಿ ನಿಜವಾಗಿಯೂ ಮುಚ್ಚಿತ್ತು. ಮತ್ತೊಂದರಲ್ಲಿ ಪೊಲೀಸ್ ಅಧಿಕಾರಿಯಾದ ಅಣ್ಣ, ತಪ್ಪು ಮಾಡಿ ಓಡಿಹೋಗುತ್ತಿರುವ ಸ್ವಂತ ತಮ್ಮನ ಕಾರನ್ನು ಬೆನ್ನಟ್ಟಿ, ಕೆನಡಾ ಗಡಿ ಹತ್ತಿರವಾದಾಗ ತನ್ನ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಅವನನ್ನು ಹೋಗಗೊಡುತ್ತಾನೆ. ಈ ಹಾಡಿನ ಕಥೆಯನ್ನು ನಾನು ಕನ್ನಡದಲ್ಲಿ ಹೇಳಿದಾಗ ನಮ್ಮ ಮನೆಯ ಹಿರಿಯರಿಗೆ ಅದರಲ್ಲಿ ಅರ್ಥವಾಗದ್ದೇನೂ ಇರಲಿಲ್ಲ. ಈ ಹಾಡುಗಳ ಜನ ಮಾತುಮಾತಿಗೂ 'ಸರ್' ಎನ್ನುತ್ತಾರೆ. ಕಚೇರಿಯ ಕಟ್ಟೆಯ ಮುಂದೆ ನಿಂತು 'ಸಾಹೇಬ್ರ' ಎನ್ನುವ ನಮ್ಮ ರೈತನ ದನಿ ಅದರಲ್ಲಿ ನನಗೆ ಕೇಳಿಸುತ್ತದೆ.

ಇಂಥ ಹಾಡು ನಮಗೆ ಹೊಸದೂ ಅಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು ಇಂದಿನ ಹಾವೇರಿ ಜಿಲ್ಲೆಯ ತಮ್ಮ ಊರಿನ ಸುತ್ತ ಕಂಡದ್ದನ್ನೆಲ್ಲ ಹಾಡಾಗಿಸಿದರು. ಸೋರುವ ಮನೆ, ಸೇದುವ ಗುಡುಗುಡಿ, ಆಗಷ್ಟೇ ಬಂದಿದ್ದ ಹತ್ತಿಯ ಗಿರಣಿ ಯಾವುದನ್ನೂ ಅವರು ಬಿಡಲಿಲ್ಲ. ಅವರ ಕಾಲದಲ್ಲಿ ನಮ್ಮ ಭಾಗಕ್ಕೆ ಧ್ವನಿಮುದ್ರಣ ಬಂದಿರಲಿಲ್ಲ, ಪದಗಳು ಬಾಯಿಂದ ಬಾಯಿಗೆ ಬಂದು ಉಳಿದವು. 2008ರಲ್ಲಿ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಗಳನ್ನು ಗಿಟಾರ್ ಮತ್ತು ಡ್ರಮ್ಮಿನ ಜೊತೆ ಹಾಡಿದಾಗ ಅವು ಒಂದಿಷ್ಟೂ ಕುಗ್ಗಲಿಲ್ಲ. ಗಿರಣಿ ಬಂದದ್ದನ್ನು ಹಾಡಿದ ನಾಡಿನಲ್ಲಿ ಗಿರಣಿ ಮುಚ್ಚಿದ್ದನ್ನು ಹಾಡಿದ ಹೊಸ ಹಾಡುಗಾರ ನನಗಿನ್ನೂ ಸಿಕ್ಕಿಲ್ಲ. ಹುಬ್ಬಳ್ಳಿಯ ಮಿಲ್ಲಿನ ಭೋಂಗಾ ಕೇಳಿ ಎದ್ದು ಊಟದ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದವರ ಮೊಮ್ಮಕ್ಕಳೇ ಇಂದು ಗಿಟಾರ್ ಹಿಡಿದಿದ್ದಾರೆ. ಅವರ ಹಾಡುಗಳಲ್ಲಿ ಬರುವುದು ಸಿನಿಮಾದ ಮಳೆ, ಸಿನಿಮಾದ ವಿರಹ, ಬೆಂಗಳೂರಿನ ಕನ್ನಡ. ಬೆಟಗೇರಿಯ ಮಗ್ಗ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರೈಲ್ವೆ ವರ್ಕ್‌ಶಾಪು ಇವುಗಳ ನಡುವೆ ಬೆಳೆದವರು ಇವುಗಳ ಸುದ್ದಿಯನ್ನೇ ಎತ್ತುವುದಿಲ್ಲ. ಧಾರವಾಡದ ಆಡುಮಾತು ಎಷ್ಟು ಎತ್ತರಕ್ಕೆ ಹಾಡಬಲ್ಲದೆಂಬುದನ್ನು ಬೇಂದ್ರೆಯವರು ಸಾಧನಕೇರಿಯಲ್ಲಿ ಕುಳಿತು ತೋರಿಸಿಕೊಟ್ಟ ಮೇಲೂ ಅದನ್ನು ಹಾಡಲು ಹುಡುಗರು ಸಂಕೋಚಪಡುವುದು ನನಗೆ ನೋವಿನ ಸಂಗತಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಾಡುಗಳನ್ನು ಮುದ್ರಿಸಿದ ಮೇಲೆ ಸ್ಪ್ರಿಂಗ್‌ಸ್ಟೀನ್ ಮೊದಲು ಮಾಡಿದ ಕೆಲಸವೆಂದರೆ, ಸುಮಾರು ಹದಿನೈದು ಹಾಡುಗಳಿದ್ದ ಆ ಕ್ಯಾಸೆಟ್ಟಿನ ಜೊತೆಗೆ ಹಾಡುಗಳ ಕುರಿತು ಕೈಬರಹದ ಟಿಪ್ಪಣಿಗಳನ್ನಿಟ್ಟು ಜಾನ್ ಲ್ಯಾಂಡೌ ಅವರಿಗೆ ಕಳಿಸಿದ್ದು. ಲ್ಯಾಂಡೌ ಸ್ಪ್ರಿಂಗ್‌ಸ್ಟೀನ್ ಅವರ ವ್ಯವಸ್ಥಾಪಕರೂ ನಿರ್ಮಾಪಕರೂ ಹೌದು. ಆದರೆ ಅವರು ಮೂಲತಃ ಪತ್ರಿಕೆಗಳಿಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದವರು. 1974ರ ಮೇ ತಿಂಗಳಿನಲ್ಲಿ ಬಾಸ್ಟನ್ನಿನ 'ದಿ ರಿಯಲ್ ಪೇಪರ್' ಎಂಬ ವಾರಪತ್ರಿಕೆಯಲ್ಲಿ, ಇನ್ನೂ ಹೆಸರು ಮಾಡದಿದ್ದ ಈ ಗಾಯಕನ ಕಾರ್ಯಕ್ರಮವೊಂದರ ಬಗ್ಗೆ ಅವರು ಬರೆದ ವಿಮರ್ಶೆಯೇ ಇಬ್ಬರನ್ನೂ ಹತ್ತಿರ ತಂದಿತು. ಮರುವರ್ಷದ ಆಲ್ಬಮ್ಮಿಗೆ ಅವರು ಸಹ-ನಿರ್ಮಾಪಕರಾದರು. ಒಬ್ಬ ಗಾಯಕನ ಜೀವನದಲ್ಲಿ ಒಂದು ಪತ್ರಿಕೆಯ ಪುಟ ಇಷ್ಟು ದೊಡ್ಡ ಕೆಲಸ ಮಾಡಿದ ಉದಾಹರಣೆ ಅಪರೂಪ. ಕತ್ತಲೆ ತುಂಬಿದ ಆ ಕ್ಯಾಸೆಟ್ಟನ್ನು ಕೇಳಿದ ಲ್ಯಾಂಡೌ ಗೆಳೆಯನ ಮನಸ್ಸಿನ ಸ್ಥಿತಿಯ ಬಗ್ಗೆಯೂ ಚಿಂತಿಸಿದರು. ಹಾಡನ್ನೂ ಹಾಡಿದವರನ್ನೂ ಒಟ್ಟಿಗೆ ಕೇಳಿಸಿಕೊಳ್ಳಬಲ್ಲ ಇಂಥ ಒಬ್ಬರು ಹತ್ತಿರವಿರುವುದು ಇಪ್ಪತ್ನಾಲ್ಕು ಸಾಲಿನ ಯಂತ್ರ ಹತ್ತಿರವಿರುವುದಕ್ಕಿಂತ ದೊಡ್ಡ ಭಾಗ್ಯವೆಂದು ನಾನು ತಿಳಿಯುತ್ತೇನೆ.

ಮುಂದೆ ಎಲ್ಲರೂ ಅಂದುಕೊಂಡಂತೆಯೇ ಕೆಲಸ ಶುರುವಾಯಿತು. 1982ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಇ ಸ್ಟ್ರೀಟ್ ಬ್ಯಾಂಡಿನ ಜೊತೆ ಕುಳಿತು ಈ ಹಾಡುಗಳನ್ನು ಮತ್ತೆ ಮುದ್ರಿಸಲು ತೊಡಗಿದರು. ತಂಡದಲ್ಲಿದ್ದವರು ವರ್ಷಗಟ್ಟಲೆ ಜೊತೆಗೆ ನುಡಿಸಿದ ನುರಿತ ವಾದ್ಯಗಾರರು, ಯಂತ್ರಗಳು ಉತ್ತಮವಾದವು. ಕೆಲವು ಹಾಡುಗಳು ತಂಡದ ಜೊತೆ ಅದ್ಭುತವಾಗಿ ಅರಳಿದವು; ಎರಡು ವರ್ಷದ ನಂತರ ಬಂದು ಲೋಕವನ್ನೇ ಸುತ್ತಿದ 'ಬಾರ್ನ್ ಇನ್ ದಿ ಯುಎಸ್‌ಎ' ಆಲ್ಬಮ್ಮಿನ ಹೆಸರಿನ ಹಾಡು ಕೂಡ ಮೊದಲು ಆ ಮನೆಯ ಕ್ಯಾಸೆಟ್ಟಿನಲ್ಲಿದ್ದದ್ದೇ. ಆದರೆ ಕ್ಯಾಸೆಟ್ಟಿನ ಬೇರೆ ಹಾಡುಗಳು ತಂಡದ ನಡುವೆ ನಿಲ್ಲಲಿಲ್ಲ. ಡ್ರಮ್ ಸೇರಿದಾಗ ಕಥೆ ಹೇಳುವವನ ಒಂಟಿತನ ಹೋಯಿತು. ಸ್ಟುಡಿಯೋದಲ್ಲಿ ಅವರೊಬ್ಬರೇ ಕುಳಿತು ಹಾಡಿದಾಗಲೂ ಮನೆಯಲ್ಲಿ ಬಂದದ್ದು ಬರಲಿಲ್ಲ. ಇಷ್ಟೆಲ್ಲ ದಿನ ಆ ಮೂಲ ಕ್ಯಾಸೆಟ್ಟು ಡಬ್ಬಿಯೂ ಇಲ್ಲದೆ ಅವರ ಕಿಸೆಯಲ್ಲಿ ತಿರುಗಾಡುತ್ತಿತ್ತು. ಕೊನೆಗೆ, ಈ ಕ್ಯಾಸೆಟ್ಟೇ ಆಲ್ಬಮ್ ಆಗಬೇಕೆಂಬ ತೀರ್ಮಾನಕ್ಕೆ ಬಂದರು.

ಈ ತೀರ್ಮಾನದ ತೂಕವನ್ನು ನಮ್ಮ ಯುವಕರು ಅರಿಯಬೇಕೆಂದು ನನ್ನ ಆಸೆ. ಒಳ್ಳೆಯ ಸ್ಟುಡಿಯೋ ಸಿಕ್ಕು, ಒಳ್ಳೆಯ ತಂಡ ಸಿಕ್ಕು, ಮುದ್ರಣವೂ ಮುಗಿದ ಮೇಲೆ ಅದನ್ನು ಬದಿಗಿಟ್ಟು ಮನೆಯ ಕ್ಯಾಸೆಟ್ಟನ್ನು ಆರಿಸಿಕೊಳ್ಳಲು, ಎರಡನ್ನೂ ಪಕ್ಷಪಾತವಿಲ್ಲದೆ ಪಕ್ಕಪಕ್ಕದಲ್ಲಿಟ್ಟು ಕೇಳಬಲ್ಲ ಕಿವಿ ಬೇಕು. ಕೇಳಿದ್ದನ್ನು ಒಪ್ಪಿಕೊಳ್ಳುವ ಗಟ್ಟಿತನವೂ ಬೇಕು. ತಂಡದೊಂದಿಗಿನ ಆ ಧ್ವನಿಮುದ್ರಣಗಳಲ್ಲಿ ಹಲವು 2025ರ ಅಕ್ಟೋಬರಿನಲ್ಲಿ ಹೊರಬಂದಿವೆ. ಈ ಆಲ್ಬಮ್ಮಿನ ನಿರ್ಮಾಣವನ್ನೇ ಕಥೆಯಾಗಿಸಿಕೊಂಡ ಚಲನಚಿತ್ರವೂ ಅದೇ ತಿಂಗಳು ಬಂದಿತು. ಆದ್ದರಿಂದ ಈಗ ಯಾರು ಬೇಕಾದರೂ ಎರಡನ್ನೂ ಕೇಳಿ ಹೋಲಿಸಬಹುದು. ತಂಡದ ರೂಪಗಳು ಕೆಟ್ಟವಲ್ಲ, ಕೆಲವದರಲ್ಲಿ ಬಲವಾದ ಹುರುಪಿದೆ. ಆದರೆ ಅವನ್ನು ಕೇಳುವಾಗ ನನಗೆ ತಂಡ ನೆನಪಿನಲ್ಲಿ ಉಳಿಯುತ್ತದೆ. ಕ್ಯಾಸೆಟ್ಟನ್ನು ಕೇಳುವಾಗ ಆ ಪೊಲೀಸ್ ಅಣ್ಣ ಉಳಿಯುತ್ತಾನೆ.

ಇನ್ನು, ಮನೆಯಲ್ಲಿ ಮುದ್ರಿಸಿದ್ದನ್ನು ಹಾಗೆಯೇ ಹೊರಬಿಟ್ಟರಾಯಿತು ಎಂದು ಯಾರಾದರೂ ಈ ಕಥೆಯಿಂದ ತಿಳಿದುಕೊಂಡರೆ ಅದು ಅರ್ಧ ಸತ್ಯ. ಕ್ಯಾಸೆಟ್ಟಿನಿಂದ ಗ್ರಾಮಫೋನ್ ತಟ್ಟೆ ಮಾಡುವ ಕೆಲಸ ಬಹಳ ಕಷ್ಟಕೊಟ್ಟಿತು. ಮನೆಯಲ್ಲಿ ಧ್ವನಿಯನ್ನು ತೀರ ಕಡಿಮೆ ಮಟ್ಟದಲ್ಲಿ ಮುದ್ರಿಸಿದ್ದರು. ಮಟ್ಟ ಕಡಿಮೆಯಾದಾಗ ಟೇಪಿನ ಸ್ವಂತ 'ಸುಯ್' ಸದ್ದು ಹಾಡಿನ ಸಮಕ್ಕೆ ಬಂದು ನಿಲ್ಲುತ್ತದೆ. ಹಾಡನ್ನು ಮೇಲೆತ್ತಿದರೆ ಆ ಸದ್ದೂ ಜೊತೆಗೆ ಏಳುತ್ತದೆ. ಇನ್ನು ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಮುಳ್ಳು ಕುಣಿಯದೆ ಸಾಗಬೇಕಾದರೆ ಎಡ ಬಲ ಧ್ವನಿಗಳ ನಡುವೆ ಹೊಂದಾಣಿಕೆಯಿರಬೇಕು, ತಗ್ಗಿನ ಸ್ವರಗಳು ಹತೋಟಿಯಲ್ಲಿರಬೇಕು. ಇದ್ಯಾವುದನ್ನೂ ಲೆಕ್ಕಕ್ಕಿಟ್ಟು ಮಾಡಿದ ಮುದ್ರಣ ಅದಾಗಿರಲಿಲ್ಲ. ಧ್ವನಿತಜ್ಞ ಟೋಬಿ ಸ್ಕಾಟ್ ಮತ್ತು ನಿರ್ಮಾಣದಲ್ಲಿ ಜೊತೆಗಿದ್ದ ಚಕ್ ಪ್ಲಾಟ್ಕಿನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಟೇಪು ಹೊತ್ತು ಅಲೆದರು. ಹಲವು ಕಡೆ ತಟ್ಟೆ ಕೊರೆಯುವ ಪ್ರಯತ್ನ ಕೈಗೂಡಲಿಲ್ಲ. ತಟ್ಟೆಯನ್ನೇ ಕೈಬಿಟ್ಟು ಬರೀ ಕ್ಯಾಸೆಟ್ಟಾಗಿ ಹೊರತರೋಣವೇ ಎಂಬ ಯೋಚನೆಯೂ ಬಂದಿತ್ತು. ಕೊನೆಗೆ ಅಟ್ಲಾಂಟಿಕ್ ಸ್ಟುಡಿಯೋದ ಡೆನಿಸ್ ಕಿಂಗ್ ಅವರ ಕೈಯಲ್ಲಿ ಅದು ಸಾಧ್ಯವಾಯಿತು. 1982ರ ಸೆಪ್ಟೆಂಬರ್ 30ರಂದು ಆಲ್ಬಮ್ ಬಿಡುಗಡೆಯಾಯಿತು. ಅದರ ಮರುದಿನವೇ ಜಪಾನಿನಲ್ಲಿ ಸೋನಿ ಕಂಪನಿ ಮೊಟ್ಟಮೊದಲ ಸಿ.ಡಿ. ಪ್ಲೇಯರನ್ನೂ ಸಿ.ಡಿ.ಗಳನ್ನೂ ಮಾರಾಟಕ್ಕಿಟ್ಟಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ: ಕಲೆಯಿಲ್ಲದ ಸ್ವಚ್ಛ ಧ್ವನಿಯ ಯುಗ ಹುಟ್ಟುವ ಹಿಂದಿನ ದಿನ, ಸುಯ್‌ಗುಡುವ ಕ್ಯಾಸೆಟ್ಟಿನ ಈ ಆಲ್ಬಮ್ ಬಂದಿತು.

ಮುಖಪುಟದಲ್ಲಿ ಡೇವಿಡ್ ಮೈಕಲ್ ಕೆನಡಿ ತೆಗೆದ ಕಪ್ಪುಬಿಳುಪಿನ ಚಿತ್ರ: ವಾಹನದ ಮುಂಗಾಜಿನಾಚೆ ಕಾಣುವ ಖಾಲಿ ರಸ್ತೆ. ಗಾಯಕರ ಮುಖ ಅದರಲ್ಲಿಲ್ಲ. ಆಲ್ಬಮ್ಮಿಗಾಗಿ ಅವರು ಸಂಗೀತ ಪ್ರವಾಸವನ್ನೂ ಕೈಗೊಳ್ಳಲಿಲ್ಲ. ಆದರೂ ಅದು ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನದವರೆಗೆ ಹೋಯಿತು. ಮರುವರ್ಷವೇ ಜಾನಿ ಕ್ಯಾಶ್ ಅವರಂಥ ಹಿರಿಯ ಗಾಯಕರು ಇದರ ಎರಡು ಹಾಡುಗಳನ್ನು ತಮ್ಮ ಆಲ್ಬಮ್ಮಿನಲ್ಲಿ ಹಾಡಿದರು.

ಆಗಲೇ ಹೆಸರು, ಹಣ, ಕಂಪನಿ ಎಲ್ಲವೂ ಇದ್ದವರಿಗೆ ಇಂಥ ಸಾಹಸ ಸುಲಭ, ಹುಬ್ಬಳ್ಳಿಯ ವಿದ್ಯಾರ್ಥಿಗೆ ಇದನ್ನು ಬೋಧಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹೆಸರಿಲ್ಲದವರ ಮನೆಯ ಕ್ಯಾಸೆಟ್ಟನ್ನು ಯಾವ ಕಂಪನಿಯೂ ಹೊರತರುತ್ತಿರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಅಡ್ಡಿ ಇಂದು ಉಳಿದಿಲ್ಲ. ಅಂದಿನ ಆ ನಾಲ್ಕು ಸಾಲಿನ ಯಂತ್ರಕ್ಕಿಂತ ಹೆಚ್ಚು ಸ್ವಚ್ಛವಾಗಿ ಮುದ್ರಿಸುವ ಸಾಧನ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯ ಮೊಬೈಲಿನಲ್ಲಿದೆ. ಹಾಡನ್ನು ಲೋಕಕ್ಕೆ ಮುಟ್ಟಿಸಲು ಕಂಪನಿಯ ಅಪ್ಪಣೆ ಬೇಕಿಲ್ಲ. ಉಳಿದಿರುವ ಕೊರತೆ ಎರಡು. ಹಾಡಿನ ಮೊದಲ ಕರಡನ್ನು ಕೇಳಿ, ಈ ಸಾಲು ಸುಳ್ಳು, ಈ ಚರಣ ಹೆಚ್ಚಾಯಿತು, ಇಲ್ಲಿ ಡ್ರಮ್ ಬೇಡ ಎಂದು ಹೇಳುವವರಿಲ್ಲ. ಹಾಗೆಯೇ ಮುದ್ರಿಸಿದ್ದನ್ನು ಕೊನೆಯಲ್ಲಿ ಹದಗೊಳಿಸುವ ಮಾಸ್ಟರಿಂಗ್ ಕೆಲಸ ಬಲ್ಲವರು ನಮ್ಮ ಭಾಗದಲ್ಲಿ ತೀರ ವಿರಳ.

ಮೊದಲನೆಯ ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಕೇಳುವ ವಿದ್ಯೆಯಲ್ಲಿ ಈ ಭಾಗ ಬಡವಾಗಿರಲಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರು ಹಾಡುತ್ತಿದ್ದ ಊರುಗಳಿವು. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರ ತಲೆದೂಗು, ಇಲ್ಲವೇ ಅವರ ಮೌನ, ಹಾಡುವವರಿಗೆ ಎಲ್ಲವನ್ನೂ ತಿಳಿಸುತ್ತಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ್ದು ಕಿವಿಯನ್ನು ತಿದ್ದಿಯೇ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಧ್ವನಿ ಪರೀಕ್ಷೆಯೆಂದರೆ ಸುತ್ತಲಿನ ಜಿಲ್ಲೆಗಳ ಹಾಡುಗಾರರೆಲ್ಲ ನಡುಗುತ್ತಿದ್ದರು. ಅಲ್ಲಿ ಪಾಸಾದವರು ಅದನ್ನು ಪದವಿಯಂತೆ ಹೇಳಿಕೊಳ್ಳುತ್ತಿದ್ದರು. ಇಷ್ಟು ಕಟ್ಟುನಿಟ್ಟಾಗಿ ಕೇಳುತ್ತಿದ್ದ ನಾಡು, ಸ್ವಂತ ಹಾಡು ಬರೆದು ಗಿಟಾರ್ ಹಿಡಿದು ಬಂದ ಮಕ್ಕಳಿಗೆ ಮಾತ್ರ ಬರೀ ಚಪ್ಪಾಳೆ ಕೊಟ್ಟು ಕಳಿಸುತ್ತಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ, ಮೊಬೈಲಿನಲ್ಲಿ ಹೃದಯದ ಗುರುತು. ಹಾಡಿನ ಬಗ್ಗೆ ಒಂದು ಮಾತಿಲ್ಲ. ಶಾಸ್ತ್ರೀಯ ಸಂಗೀತ ಬಲ್ಲ ಹಿರಿಯರು ಇದು ತಮ್ಮ ಕ್ಷೇತ್ರವಲ್ಲವೆಂದು ದೂರ ನಿಲ್ಲುತ್ತಾರೆ. ಆದರೆ ಶ್ರುತಿ ಸರಿಯಿದೆಯೇ, ಮಾತು ತಾಳಕ್ಕೆ ಕೂತಿದೆಯೇ, ಹಾಡಿದವರು ಹಾಡಿನೊಳಗಿದ್ದಾರೆಯೇ ಎಂಬುದನ್ನು ಹೇಳಲು ಅವರಿಗಿಂತ ಯೋಗ್ಯರು ಯಾರಿದ್ದಾರೆ?

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಪುರವಣಿಯಲ್ಲಿ ಸಿನಿಮಾ ಹಾಡುಗಳಿಗೆ ಈಗಾಗಲೇ ಸಾಕಷ್ಟು ಸ್ಥಳವಿದೆ. ಅದರಲ್ಲಿ ತಿಂಗಳಿಗೆ ಒಂದು ಬಾರಿ ಅರ್ಧ ಪುಟವನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಯುವಕರು ತಾವೇ ಬರೆದು ಹಾಡಿದ ಹಾಡುಗಳ ವಿಮರ್ಶೆಗೆ ಮೀಸಲಿಡಿ. ಗಾಯಕರ ಭಾವಚಿತ್ರಕ್ಕಿಂತ ಮೊದಲು ಹಾಡಿನ ಸಾಹಿತ್ಯವನ್ನು ಪೂರ್ಣವಾಗಿ ಅಚ್ಚುಮಾಡಿ, ಏಕೆಂದರೆ ಅಚ್ಚಿನಲ್ಲಿ ನಿಂತಾಗ ಸಡಿಲವಾದ ಸಾಲು ಬರೆದವರಿಗೇ ಕಾಣುತ್ತದೆ. ವಿಮರ್ಶೆಯನ್ನು ಹೊಗಳುವ ಅಭ್ಯಾಸದವರಿಂದ ಬರೆಸದೆ, ಒಬ್ಬ ಕವಿ, ಒಬ್ಬ ಶಾಸ್ತ್ರೀಯ ಗಾಯಕ, ಒಬ್ಬ ಧ್ವನಿತಜ್ಞ ಹೀಗೆ ಸರದಿಯ ಮೇಲೆ ಬರೆಸಿ. ಧಾರವಾಡ ಆಕಾಶವಾಣಿಯ ಅಧಿಕಾರಿಗಳು ಸ್ವರಚಿತ ಗೀತೆಗಳಿಗೆ ಒಂದು ಅವಧಿಯನ್ನು ಕೊಟ್ಟು, ಒಂದು ಧ್ವನಿ, ಒಂದು ವಾದ್ಯ ಎಂಬ ನಿಯಮದ ಮೇಲೆ ಹಾಡಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ಸಂಗೀತ ಮತ್ತು ಪತ್ರಿಕೋದ್ಯಮ ವಿಭಾಗಗಳಿರುವ ನಮ್ಮ ಕಾಲೇಜುಗಳು ಹೊಸ ಸ್ಟುಡಿಯೋ ಕಟ್ಟಡಕ್ಕೆ ಅನುದಾನ ಕೇಳುವ ಮೊದಲು, ಮಾಸ್ಟರಿಂಗ್ ಬಲ್ಲವರನ್ನು ಕರೆಸಿ ನಾಲ್ಕಾರು ವಿದ್ಯಾರ್ಥಿಗಳಿಗಾದರೂ ಆ ಕೆಲಸವನ್ನು ಕಲಿಸಲಿ.

ತಮ್ಮ ಲೇಖನದಲ್ಲಿ ಮಾತನಾಡಿದ ಯುವಕ ಯುವತಿಯರಿಗೂ ಒಂದು ಮಾತು. ನಿಮ್ಮ ಹಾಡನ್ನು ಒಂದೇ ವಾದ್ಯದ ಜೊತೆ, ಮನೆಯಲ್ಲಿ ನೀವಾಡುವ ಮಾತಿನಲ್ಲೇ ಮೊಬೈಲಿನಲ್ಲಿ ಮುದ್ರಿಸಿ, ಸಾಹಿತ್ಯವನ್ನು ಬೇರೆ ಹಾಳೆಯಲ್ಲಿ ಬರೆದು, ಪ್ರತಿ ಹಾಡು ಯಾರ ಕುರಿತದ್ದು, ಯಾವ ಊರಿನದ್ದು ಎಂಬ ಟಿಪ್ಪಣಿಯೊಂದಿಗೆ ಸಂಪಾದಕರ ವಿಳಾಸಕ್ಕೆ ಕಳಿಸಿ. ಸಂಪಾದಕರು ಒಪ್ಪಿದರೆ, ಬಂದ ಹಾಡುಗಳನ್ನೆಲ್ಲ ಕುಳಿತು ಕೇಳಿ, ಧ್ವನಿಮುದ್ರಣದ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಕ್ಯಾಸೆಟ್ ಧ್ವನಿಮುದ್ರಕ ಮತ್ತು ತಮ್ಮ ಪತ್ರಿಕೆಯ ಓದುಗ,
ಹುಬ್ಬಳ್ಳಿ